ಎರಡನೇ ಸಹಿ

ವೇಲುಸಾಮಿ ಟೀ ಲೋಟ ಎತ್ತಿದಾಗ ಅವರ ಎಡ ಮಣಿಕಟ್ಟಿಗೆ ಸುತ್ತಿದ್ದ ತಂತಿ ಲೋಗನಾಥನ ಕಣ್ಣಿಗೆ ಬಿತ್ತು. ಗೇಣುದ್ದದ ಸಣ್ಣ ಉಕ್ಕಿನ ತಂತಿ. ಒಂದು ಗಳಿಗೆ ಅವನಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಕಚ್ಚಿದ್ದ ವಡೆಯನ್ನು ತಟ್ಟೆಗೆ ಹಾಕಿದ.

"ಮಾಮ, ಇದ್ಯಾವ ತಂತಿ?"

ಮಾಮ ಕೈಯನ್ನು ಮುಖದ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ತಂದು ನೋಡಿದರು. ಲೋಟವನ್ನು ಬೆಂಚಿನ ಮೇಲಿಟ್ಟರು.

ಕಿಣತ್ತುಕಡವು ಊರು ದಾಟಿದರೆ ಸಿಗುವ, ಅವರಿಬ್ಬರೂ ಮೆಕ್ಯಾನಿಕ್‌ಗಳಾಗಿದ್ದ ವಿಮಾನ ತರಬೇತಿ ಶಾಲೆಯಲ್ಲಿ ಈ ತಂತಿಯ ಕಥೆ ಎಲ್ಲರಿಗೂ ಗೊತ್ತು. ವೇಲುಸಾಮಿಯ ಅಪ್ಪ ಮಗ್ಗದವರು. ಹಾಸಿನ ಎಳೆ ಕಡಿದರೆ ತಕ್ಷಣ ಗಂಟು ಹಾಕಲು ನೂಲಿನ ತುಂಡುಗಳನ್ನು ಮಣಿಕಟ್ಟಿಗೆ ಸುತ್ತಿಕೊಂಡೇ ನೇಯಲು ಕೂರುತ್ತಿದ್ದರಂತೆ. ಮಗ ಮಗ್ಗ ಬಿಟ್ಟು ಇಂಜಿನ್ನಿಗೆ ಬಂದರೂ ಅಭ್ಯಾಸ ಬಿಡಲಿಲ್ಲ. ಆಯಿಲ್ ಫಿಲ್ಟರ್ ಬಿಗಿದ ಮೇಲೆ ಅದು ಅದುರಿ ಸಡಿಲವಾಗದಂತೆ ತಂತಿಯಿಂದ ಕಟ್ಟಬೇಕು. ಆ ತಂತಿಯನ್ನು ಮೊದಲೇ ಕತ್ತರಿಸಿ ಕೈಗೆ ಸುತ್ತಿಕೊಳ್ಳುವರು. ಕೈ ಖಾಲಿಯಾಯಿತೆಂದರೆ ಕೆಲಸ ಮುಗಿಯಿತು ಎಂದರ್ಥ. ಮೂವತ್ತು ವರ್ಷದಲ್ಲಿ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಇವತ್ತು ಬೆಳಿಗ್ಗೆ ಅವರು ಫಿಲ್ಟರ್ ಬದಲಿಸಿದ ವಿಮಾನ ಈಗ ಆಕಾಶದಲ್ಲಿತ್ತು. ಅದರೊಳಗೆ ನಿತ್ಯಾ ಎಂಬ ಹತ್ತೊಂಬತ್ತು ವರ್ಷದ ಹುಡುಗಿ ಒಬ್ಬಳೇ. ಅವಳು ಉಡುಮಲೈಪೇಟೆ ಕಡೆಗೆ ಹಾರಿ ಹೋಗಿ ಇಪ್ಪತ್ತು ನಿಮಿಷವಾಗಿತ್ತು.

"ನೀ ನೋಡಿದ್ದೆ ತಾನೆ, ಮಾಪ್ಳೆ?" ಮಾಮ ಮೆಲ್ಲಗೆ ಕೇಳಿದರು. "ಸೈನ್ ಆಕಿದ್ದೀಯಲ್ಲ."

ಹಾಕಿದ್ದ. ಒಬ್ಬ ಮಾಡಿದ ಕೆಲಸವನ್ನು ಇನ್ನೊಬ್ಬ ಟಾರ್ಚ್ ಬಿಟ್ಟು ನೋಡಿ ಎರಡನೇ ಸಹಿ ಹಾಕಬೇಕು, ನಿಯಮ ಇರುವುದು ಹಾಗೆ. ಆದರೆ ವೇಲುಸಾಮಿ ಅವನ ತಾಯಿಯ ತಮ್ಮ, ಹೆಂಡತಿ ಗೋಕಿಲಾಳ ಅಪ್ಪ, ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ ಗುರು. ಅಂಥವರ ಕೆಲಸವನ್ನು ಅವರ ಎದುರೇ ಬಗ್ಗಿ ಪರೀಕ್ಷಿಸುವುದೆಂದರೆ ಹಿರಿಯರು ಬಡಿಸಿದ ಅನ್ನದಲ್ಲಿ ಕಲ್ಲು ಹುಡುಕಿದ ಹಾಗೆ. ಅವರ ಮನೆಗಳಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಎರಡನೇ ಸಹಿ ಹಾಕುವ ಈ ಮಹಾರಾಯ ಒಂಬತ್ತು ವರ್ಷದಿಂದ ಕಾಣುವ ಗೋಜಿಗೇ ಹೋಗಿರಲಿಲ್ಲ.

ಅದಾದರೂ ಹೋಗಲಿ. ಮಾಮನ ಕಣ್ಣಿಗೆ ಪೊರೆ ಬಂದಿರುವುದು ಪೊಂಗಲ್‌ನಿಂದಲೇ ಅವನಿಗೆ ಗೊತ್ತಿತ್ತು. ಅವರು ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದದ್ದನ್ನು ಗೋಕಿಲಾ ನೋಡಿದ್ದಳು. "ಅಪ್ಪನ್ನ ಕೇಳಬ್ಯಾಡಿ, ಮನಸ್ಸಿಗೆ ಬೇಜಾರಾಗುತ್ತೆ," ಅಂದಿದ್ದಳು. ಅವನು ಕೇಳಿರಲಿಲ್ಲ.

"ಫಿಲ್ಟರ್ ಬಿಗಿಯಾಗೇ ಇಟ್ಟಿವ್ನಿ," ಮಾಮ ಅವನ ತೋಳು ಹಿಡಿದರು. "ಒಂದ್ ಅವರ್ ತಾಂಗುತ್ತೆ, ತಡ್ಕೊಳ್ಳುತ್ತೆ. ಆ ಮಗು ಬಂದ್ಮೇಲೆ ಕಟ್ಟಿಬುಡಾಣ. ಯಾರ್ಗೂ ಯೋಳಬ್ಯಾಡ, ಮಾಪ್ಳೆ. ನಿನ್ ಕೆಲಸಾನೂ ಓಗ್ಬುಡುತ್ತೆ."

ಲೋಗನಾಥನ್ ಓಡಲಿಲ್ಲ. ನಿಂತ. ಎಷ್ಟು ಹೊತ್ತು ನಿಂತನೆಂದು ಆಮೇಲೆ ಅವನು ಯಾರಿಗೂ ಹೇಳಲಾರದೇ ಹೋದ. ಒಂದು ನಿಮಿಷವಿರಬಹುದು, ಎರಡಿರಬಹುದು. ತಾಂಗುತ್ತೆ, ತಾಂಗುತ್ತೆ ಎಂದು ಅವನ ಮನಸ್ಸೂ ಹೇಳುತ್ತಿತ್ತು. ನಂತರ ಆ ಹಿಡಿತ ಬಿಡಿಸಿಕೊಂಡು ಟವರಿನ ಮೆಟ್ಟಿಲು ಹತ್ತಿದ.

ಮುಖ್ಯ ತರಬೇತುದಾರ ಮೋಹನ್ ರಾಜ್ ರೇಡಿಯೋ ಮುಂದೆ ಕೂತಿದ್ದ.

"ಸಾರ್, ನಿತ್ಯಾನ ವಾಪಸ್ ಕರೀರಿ," ಎಂದು ಲೋಗನಾಥನ್ ಮನೆಮಾತಾದ ಕನ್ನಡ ಬಿಟ್ಟು ತಮಿಳಿನಲ್ಲಿ ಅಂದ. "ಫಿಲ್ಟರಿಗೆ ತಂತಿ ಕಟ್ಟಿಲ್ಲ."

"ನೀನೇ ನೋಡಿ ಸಹಿ ಮಾಡಿದ್ದೀಯಲ್ಲ."

"ನೋಡದೇ ಮಾಡಿದೆ ಸಾರ್."

ಮೋಹನ್ ರಾಜ್ ಅವನ ಮುಖವನ್ನು ಒಮ್ಮೆ ನೋಡಿ ಮೈಕ್ ಎತ್ತಿಕೊಂಡ. ನಿತ್ಯಾಳ ದನಿ ಬೇಗನೆ ಬಂತು. ಈಗಾಗಲೇ ತಿರುಗಿಕೊಂಡಿದ್ದೇನೆ ಸಾರ್, ಅಂದಳು. ಆಯಿಲ್ ಪ್ರೆಶರಿನ ಮುಳ್ಳು ಎರಡು ನಿಮಿಷದಿಂದ ಇಳಿಯುತ್ತಿದೆ, ಕರೆಯಬೇಕೆಂದಿದ್ದೆ. ಆಮೇಲೆ, ಇಂಜಿನ್ ಒಂಥರಾ ಸದ್ದು ಮಾಡುತ್ತಿದೆ, ಅಂದಳು. ಆಮೇಲೆ, "ನಿಂತುಹೋಯಿತು ಸಾರ್."

"ಎದುರಿಗೆ ಬಯಲು ಹುಡುಕು," ಮೋಹನ್ ರಾಜ್ ಹೇಳುತ್ತಲೇ ಇದ್ದ. "ಮೂಗು ಎತ್ತಬೇಡ. ತೆಂಗಿನ ತೋಪು ಬಿಡು, ಬಯಲು ನೋಡು." ಉತ್ತರ ಬರಲಿಲ್ಲ. ಎರಡು ನಿಮಿಷ. ತಾನು ಕೆಳಗೆ ನಿಂತಿದ್ದ ಎರಡು ನಿಮಿಷ ಎಂಬುದೊಂದೇ ಲೋಗನಾಥನ ತಲೆಯಲ್ಲಿ ಗಿರಗಿರ ತಿರುಗಿತು.

ವಿಮಾನ ಬಿದ್ದದ್ದನ್ನು ದೂರದಿಂದ ಕಂಡವರು ಫೋನಿನಲ್ಲಿ ಹೇಳಿದ ಕಡೆಗೆ ಮೋಹನ್ ರಾಜ್ ಜೀಪ್ ಓಡಿಸಿದ. ಹಿಂದೆ ಮಾಮ, ಅಳಿಯ. ಯಾರೂ ಕರೆಯದೇ ಮಾಮ ಹತ್ತಿದ್ದರು. ದಾರಿಯುದ್ದಕ್ಕೂ, "ನನ್ ಕಣ್ಣು ಓಗ್ಲಿ, ಆ ಮಗು ಉಳೀಲಿ," ಎಂದು ಗೊಣಗುತ್ತಿದ್ದರು. ಕೇಳಲಾರದೆ ಲೋಗನಾಥನ್ ಮುಖ ತಿರುಗಿಸಿದ. ಮಾಮನ ಮೇಲೆ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕಡಲೆಕಾಯಿ ಕಿತ್ತ ಹೊಲದಲ್ಲಿ ವಿಮಾನ ಮೂಗು ಊರಿ ಬಿದ್ದಿತ್ತು. ಒಂದು ರೆಕ್ಕೆ ಬದುವಿಗೆ ಬಡಿದು ಮಡಿಚಿಕೊಂಡಿತ್ತು, ಹೊಟ್ಟೆಯುದ್ದಕ್ಕೂ ಕಪ್ಪು ಎಣ್ಣೆ. ಒಳಗೆ ಯಾರೂ ಇರಲಿಲ್ಲ.

"ಇಲ್ಲಿ, ಇಲ್ಲಿ," ಎಂದು ಯಾರೋ ಕೂಗಿದರು. ಹೊಲದ ಒಡತಿ ಚಿನ್ನತಾಯಿ ಬೇವಿನ ಮರದಡಿ ಹಗ್ಗದ ಮಂಚ ಹಾಕಿ ನಿತ್ಯಾಳನ್ನು ಕೂರಿಸಿದ್ದಳು. ಬಲಗೈಗೆ ಟವಲು ಕಟ್ಟಿದ್ದಳು. ಹಣೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವವಿತ್ತು. ಲೋಗನಾಥನ್ ಅಲ್ಲಿಯೇ ಮಣ್ಣಿನ ಮೇಲೆ ಕೂತ.

ಮೋಹನ್ ರಾಜ್ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಾ ಆಚೆ ಹೋದ. ನಿತ್ಯಾ ಇವರಿಬ್ಬರನ್ನು ನೋಡಿದಳು. ವೇಲುಸಾಮಿ ಬಿಸಿಲಲ್ಲಿ ನಿಂತಿರುವುದನ್ನು ಕಂಡು ಮಂಚದ ತುದಿಗೆ ಸರಿದು ಜಾಗ ಮಾಡಿದಳು.

"ಕೂತ್ಕೊಳಿ ತಾತಾ," ಅಂದಳು. "ನನ್ನನ್ನ ಕ್ಷಮಿಸಿ. ಹೊರಡೋ ಮುಂಚೆ ನಾನೇ ಸರಿಯಾಗಿ ನೋಡಿಲ್ಲ ಅನ್ಸುತ್ತೆ. ನೀವಿಬ್ಬರೂ ಅಷ್ಟು ಚೆನ್ನಾಗಿ ಮಾಡಿಕೊಟ್ಟ ಇಂಜಿನ್ ಹಾಳು ಮಾಡಿಬಿಟ್ಟೆ."

ಮಾಮ ಕೂರಲಿಲ್ಲ.

"ನಿನ್ನ ತಪ್ಪಿಲ್ಲಮ್ಮ," ಲೋಗನಾಥನ್ ನೆಲದಿಂದಲೇ ಅಂದ. "ತಪ್ಪು ನನ್ನದು. ನಾನು ನೋಡದೇ ಸಹಿ ಹಾಕಿದೆ."

ನಿತ್ಯಾ ತಲೆಯಲ್ಲಾಡಿಸಿದಳು. ತನ್ನ ಸಮಾಧಾನಕ್ಕೆ ಅಣ್ಣ ಹೀಗೆ ಹೇಳುತ್ತಿದ್ದಾರೆ ಅಂದುಕೊಂಡಳು.

"ಇಲ್ಲ ಅಣ್ಣ, ಏನೋ ಬಿಟ್ಟಿದ್ದೀನಿ," ಅಂದಳು. ಎಡಗೈಯನ್ನು ಮಡಿಲಲ್ಲಿ ಬಿಡಿಸಿಟ್ಟು, ಹೆಬ್ಬೆರಳಿನಿಂದ ಬೆರಳಿನ ಗೆರೆಗಳನ್ನು ಮುಟ್ಟುತ್ತಾ, ಬೆಳಿಗ್ಗೆ ತಾನು ನೋಡಿದ್ದನ್ನೆಲ್ಲ ಮೊದಲಿನಿಂದ ಎಣಿಸತೊಡಗಿದಳು. ಟೈರು. ರೆಕ್ಕೆ. ಪೆಟ್ರೋಲು. ಆಯಿಲ್.