ಬಿಸ್ಕಿಟ್ ಯಾರದು

ಪೆಟ್ರೋಲ್ ಬಂಕಿನ ಬಾವುಟ ದಕ್ಷಿಣದ ಕಡೆಗೆ ಚಾಚಿ ಪಟಪಟ ಹೊಡೆದುಕೊಳ್ಳುತ್ತಿರುವುದನ್ನು ನೋಡಿದವಳೇ ನೋಲೀನ್ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ನೆಟ್‌ಬಾಲ್ ಅಂಗಳ ಎದುರಿಗೇ ಕಾಣುತ್ತಿತ್ತು. ಬೇಲಿಯ ಆಚೆ ನೀಲಿ ಲಂಗದ ಹುಡುಗಿಯರು ಆಗಲೇ ಚೆಂಡು ಎಸೆದಾಡುತ್ತಿದ್ದರು.

"ಯಾಕೆ ನಿಲ್ಲಿಸ್ದೆ?" ಎಂದಳು ಹಿಂದಿನ ಸೀಟಿನಿಂದ ಶೋನಾ. ಹನ್ನೆರಡರ ಹುಡುಗಿ. ಅವಳದೂ ಅದೇ ನೀಲಿ ಲಂಗ, ಬಿಗಿಯಾಗಿ ಎತ್ತಿ ಕಟ್ಟಿದ ಕೂದಲು.

"ಉತ್ತರದ ಗಾಳಿ ಎದ್ದಿದೆ ಕಣೇ."

"ಎದ್ರೆ ಏನೀಗ?"

"ಬೆನ್ನಿಗೆ ಈ ಗಾಳಿ ಸಿಕ್ರೆ ಹಕ್ಕಿಗಳು ಮಧ್ಯಾಹ್ನದ ತನಕ ಕಾಯಲ್ಲ. ಬಂದ್ಬಿಡ್ತವೆ."

ಶೋನಾಗೆ ಅರ್ಥವಾಯಿತು. "ಸರಿ, ನೀನು ಹೋಗು. ನನ್ನ ಇಲ್ಲೇ ಇಳಿಸು."

"ಬಿಸ್ಕಿಟ್ ನನ್ನ ಕೈಗೆ ಇಳಿಯಲ್ಲ. ನಿಂಗೊತ್ತು."

"ಅಮ್ಮ, ಇವತ್ತು ಫೈನಲ್ಲು. ನೀನೇ ಒಪ್ಕೊಂಡಿದ್ದೆ."

"ಗಾಳಿ ಇರಲ್ಲ ಅಂದ್ಕೊಂಡು ಒಪ್ಕೊಂಡಿದ್ದೆ. ಮ್ಯಾಚು ಬರೋ ವರ್ಷಾನೂ ಇರತ್ತೆ."

"ಪಾರಿವಾಳ ಬರೋ ವರ್ಷ ಇರಲ್ವಾ?"

ನೋಲೀನ್ ಗೇರು ಹಾಕಿದಳು. ಶೋನಾ ಬಾಗಿಲಿನ ಹಿಡಿಗೆ ಕೈ ಹಾಕುವಷ್ಟರಲ್ಲಿ ಕಾರು ತಿರುಗಿತ್ತು. ಅಂಗಳದ ಬೇಲಿಯ ಬಳಿ ತಂಡದ ನಾಯಕಿ ಹುಡುಗಿ ಇವರನ್ನು ಗುರುತಿಸಿ ಕೈ ಎತ್ತಿದವಳು, ಕಾರು ಬೆನ್ನು ಹಾಕಿ ಹೋಗುವುದನ್ನು ನೋಡುತ್ತಾ ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ನಿಂತಳು.

ಪೋರ್ಟ್ ಪಿರಿ ಊರಿನಲ್ಲಿ ಪಂದ್ಯಕ್ಕೆ ಪಾರಿವಾಳ ಹಾರಿಸುವವರು ಹೆಚ್ಚಾಗಿ ಸೀಸದ ಕಾರ್ಖಾನೆಯಿಂದ ನಿವೃತ್ತರಾದ ಮುದುಕರು. ಅವರ ನಡುವೆ ನೋಲೀನ್ ಒಬ್ಬಳೇ ಹೆಂಗಸು. ವೃದ್ಧರ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಗಂಡ ಪಶ್ಚಿಮದ ಗಣಿಗೆ ದುಡಿಯಲು ಹೋದವನು ಅಲ್ಲೇ ಬೇರೊಬ್ಬಳ ಜೊತೆ ಉಳಿದುಬಿಟ್ಟ. ಆ ಚಳಿಗಾಲ ದಾರಿ ತಪ್ಪಿದ ಒಂದು ಪಾರಿವಾಳ ಅವಳ ಹಿತ್ತಲಿಗೆ ಬಂದು ಬಿತ್ತು. ನೀರು ಕೊಟ್ಟು, ಗೋಧಿ ಹಾಕಿ, ಕಾಲಿನ ಬಳೆಯ ಗುರುತು ನೋಡಿ ಅದರ ಒಡೆಯ ಕ್ಲಾರಿ ಟಾಂಕಿನ್‌ಗೆ ಹೇಳಿ ಕಳಿಸಿದಳು. ಕ್ಲಾರಿ ಬಂದ, ಹಕ್ಕಿಯನ್ನು ಕೈಯಲ್ಲಿ ಹೊರಳಿಸಿ ನೋಡಿದ, ಅವಳ ಎದುರಿಗೇ ಅದರ ಕತ್ತು ತಿರುಚಿದ. "ದಾರಿ ಮರೆಯೋದನ್ನ ಇಟ್ಕೊಂಡು ಏನಮ್ಮ ಮಾಡೋದು," ಎಂದು ಸತ್ತ ಹಕ್ಕಿಯನ್ನು ಅವಳ ಕಸದ ತೊಟ್ಟಿಗೇ ಹಾಕಿ ಹೋದ. ಮುಂದಿನ ವಸಂತದ ಹೊತ್ತಿಗೆ ನೋಲೀನಳ ಹಿತ್ತಲಲ್ಲಿ ಹಳೆ ತಗಡಿನ ಗೂಡು ಎದ್ದಿತ್ತು.

ಅಲ್ಲಿಂದೀಚೆಗೆ ಶನಿವಾರಗಳು ಗೂಡಿಗೆ ಹೋದವು. ಹಿಕ್ಕೆ ಕೆರೆಯುವುದು, ನೀರು ತುಂಬುವುದು, ಪಂದ್ಯದ ದಿನ ಹಿತ್ತಲಲ್ಲಿ ಅಲ್ಲಾಡದೆ ಕುಳಿತು ಆಕಾಶ ನೋಡುವುದು, ಇದರಲ್ಲೆಲ್ಲ ಶೋನಾಗೂ ಪಾಲು. ಅವಳು ಗೊಣಗಿದಳು, ಅತ್ತಳು, ಆಮೇಲೆ ಗೊಣಗುವುದನ್ನೂ ಬಿಟ್ಟಳು. ಶಾಲೆಯಲ್ಲಿ ಅವಳ ಪಕ್ಕ ಕೂರುವಾಗ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. "ಹಿಕ್ಕೆ ಬಂದ್ಲು, ಜಾಗ ಬಿಡ್ರೇ" ಎನ್ನುತ್ತಿದ್ದರು. ನೆಟ್‌ಬಾಲಿನಲ್ಲಿ ಅವಳು ಗೋಲಿನ ಮೇಲೆ ಗೋಲು ಹಾಕತೊಡಗಿದ ಮೇಲೆಯೇ ಆ ಮಾತು ನಿಂತದ್ದು.

ಗೂಡಿನಲ್ಲಿ ಅವಳಿಗೆ ಇಷ್ಟವಾಗಿದ್ದು ಒಂದೇ ಒಂದು, ಬೂದು ಬಣ್ಣದ ಗಂಡು. ಮೊಟ್ಟೆಯಿಂದ ಬಂದ ವಾರಕ್ಕೇ ತಾಯಿ ಸತ್ತ ಅದಕ್ಕೆ ಶೋನಾ ಬಿಸ್ಕಿಟ್ಟನ್ನು ಹಾಲಿನಲ್ಲಿ ನೆನೆಸಿ ತಿನ್ನಿಸಿ ಬದುಕಿಸಿದ್ದಳು. ಹೆಸರೂ ಅದೇ ಆಯಿತು. ಬಿಸ್ಕಿಟ್ ಬೆಳೆದು ಗೂಡಿನಲ್ಲೇ ಎಲ್ಲಕ್ಕಿಂತ ವೇಗದ ಹಕ್ಕಿಯಾಯಿತು. ಆದರೆ ಮನೆಗೆ ಮೊದಲು ಬಂದರೂ ಮಾಡಿನ ಮೇಲೆ ಕುಳಿತೇ ಇರುತ್ತಿತ್ತು. ಪಂದ್ಯಕ್ಕೆಂದು ಕಾಲಿಗೆ ಹಾಕಿದ ರಬ್ಬರ್ ಉಂಗುರ ಬಿಚ್ಚಿ ಗಡಿಯಾರದ ಪೆಟ್ಟಿಗೆಗೆ ಹಾಕಿ ಕೀಲಿ ತಿರುಗಿಸಿ ವೇಳೆ ಅಚ್ಚಾಗುವವರೆಗೂ ಪಾರಿವಾಳದ ಕ್ಲಬ್ಬಿನ ಲೆಕ್ಕದಲ್ಲಿ ಹಕ್ಕಿ ಬಂದಂತೆ ಅಲ್ಲ. ನೋಲೀನ್ ಕಾಳಿನ ಡಬ್ಬಿ ಅಲ್ಲಾಡಿಸಿದರೆ ಅದು ಅತ್ತ ತಿರುಗಿ ಕೂರುತ್ತಿತ್ತು. ಶೋನಾ ಅಂಗೈ ಚಾಚಿದರೆ ಮಾತ್ರ ಇಳಿಯುತ್ತಿತ್ತು.

ಅಂಗಳದಿಂದ ಇಬ್ಬರೂ ಮನೆಗೆ ಬಂದಾಗ ಮಾಡು ಬರಿದಾಗಿತ್ತು. "ಇನ್ನೂ ಬಂದಿಲ್ಲ ಸದ್ಯ," ಎಂದು ನೋಲೀನ್ ಉಸಿರು ಬಿಟ್ಟು ಗಡಿಯಾರದ ಪೆಟ್ಟಿಗೆಯನ್ನು ಮೇಜಿನ ಮೇಲೆ ತಂದಿಟ್ಟಳು. ಬೆಳಕು ಹರಿಯುವಾಗ ಉತ್ತರಕ್ಕೆ ದೂರದ ಮರ್ರೀ ಊರಿನಲ್ಲಿ ಎಲ್ಲರ ಹಕ್ಕಿಗಳನ್ನೂ ಒಟ್ಟಿಗೆ ಬಿಟ್ಟಿದ್ದರು. ಈ ಋತುವಿನ ಕೊನೆಯ ಪಂದ್ಯ. ಗಾಳಿಯಲ್ಲಿ ಮರಳುಗಾಡಿನ ಕೆಂಪು ಧೂಳು ಬೆರೆತು ಒಣಹಾಕಿದ್ದ ಬಟ್ಟೆಗಳೆಲ್ಲ ಬಣ್ಣಗೆಟ್ಟಿದ್ದವು. ಶೋನಾ ಮಗುಚಿದ ಹಣ್ಣಿನ ಪೆಟ್ಟಿಗೆಯ ಮೇಲೆ, ಆಟದ ಬಟ್ಟೆಯಲ್ಲೇ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಮುಖ ಹಾಗೆ ಊದಿಸ್ಕೋಬೇಡ್ವೇ. ಒಂದು ಸಲ, ಒಂದೇ ಒಂದು ಸಲ ಆ ಕ್ಲಾರಿ ಸೋತ ಮುಖ ನೋಡ್ಬೇಕು ನಾನು. ವಾರವೆಲ್ಲಾ ಯಾರ್ಯಾರದೋ ಮಲಮೂತ್ರದ ಹಾಸಿಗೆ ಬಟ್ಟೆ ಒಗೀತೀನಿ. ನಂಗೆ ಅಂತ ಏನಿದೆ ಹೇಳು, ಇದು ಬಿಟ್ರೆ?"

ಶೋನಾ ತಲೆ ಎತ್ತಿ ಅಮ್ಮನನ್ನು ನೋಡಿದಳು, ಮತ್ತೆ ತಗ್ಗಿಸಿದಳು.

ಬಿಸ್ಕಿಟ್ ಬಂದದ್ದು ಯಾವ ಸುಳಿವೂ ಕೊಡದೆ. ಕಾರ್ಖಾನೆಯ ಚಿಮಣಿಯ ಕಡೆ ಒಂದು ಚುಕ್ಕೆ ಕಂಡಿತು, ರೆಕ್ಕೆ ಮಡಿಚಿ ಕಲ್ಲಿನಂತೆ ಬಿತ್ತು, ಮಾಡಿನ ನೆತ್ತಿಯ ಮೇಲೆ ಕುಳಿತು ಕೊಕ್ಕು ತೆರೆದು ಏದುಸಿರು ಬಿಡತೊಡಗಿತು. ಸುತ್ತಲಿನ ಆಕಾಶದಲ್ಲಿ ಬೇರೆ ಒಂದು ಹಕ್ಕಿಯೂ ಇರಲಿಲ್ಲ.

"ಕರಿ," ಎಂದಳು ನೋಲೀನ್, ಪಿಸುದನಿಯಲ್ಲಿ.

ಶೋನಾ ಕದಲಲಿಲ್ಲ.

"ಶೋನಾ, ಕರಿಯೇ."

ಹುಡುಗಿಯ ಕೈಗಳು ಮಡಿಲಲ್ಲೇ ಇದ್ದವು. ನೋಲೀನ್ ಡಬ್ಬಿ ಅಲ್ಲಾಡಿಸಿದಳು. ಹಕ್ಕಿ ಮಾಡಿನ ಅಂಚಿನ ಮೇಲೆ ನಾಲ್ಕು ಹೆಜ್ಜೆ ನಡೆದು ದೂರ ಹೋಯಿತು. ಅವಳು ಮಗಳ ಮುಂದೆ ಮೊಣಕಾಲೂರಿದಳು. "ನಿಂಗೆ ಕೈ ಮುಗೀತೀನಿ. ಏನ್ ಬೇಕು ಕೇಳು, ಕೊಡಿಸ್ತೀನಿ."

"ಮ್ಯಾಚು ಬೇಕು."

"ಅದು ಆಗೋಯ್ತಲ್ಲೇ. ಈಗೆಲ್ಲಿಂದ ತರ್ಲಿ?"

"ಹಾಗಾದ್ರೆ ಏನೂ ಬೇಡ."

ದೂರದಲ್ಲಿ ಎರಡು ಹಕ್ಕಿಗಳು ಕಾಣಿಸಿಕೊಂಡು ರೈಲು ನಿಲ್ದಾಣದ ಕಡೆಗೆ, ಕ್ಲಾರಿಯ ಮನೆಯ ದಿಕ್ಕಿಗೆ, ಇಳಿದವು. ನೋಲೀನ್ ಅವನ್ನು ನೋಡಿ ಎದ್ದು ನಿಂತಳು.

"ಥೇಟ್ ನಿಮ್ಮಪ್ಪ ನೀನು. ಅವನೂ ಹೀಗೇ ಕೂತಿರ್ತಿದ್ದ, ಕಲ್ಲಿನ ಹಾಗೆ. ನಾನು ಬೇಡ್ಕೊಳ್ತಾ ಇರ್ಬೇಕು, ಅವನು ನೋಡ್ತಾ ಇರ್ಬೇಕು."

"ಅದಕ್ಕೇ ಬಿಟ್ಟು ಹೋಗಿದ್ದು ನಿನ್ನ," ಎಂದಳು ಶೋನಾ. ದನಿ ಎತ್ತಲಿಲ್ಲ.

"ನನ್ನ ಬಿಟ್ಟಲ್ಲ ಅವನು ಹೋಗಿದ್ದು. ನಿನ್ನ. ನೀನು ಹುಟ್ಟೋ ತನಕ ಚೆನ್ನಾಗೇ ಇದ್ವಿ ನಾವು. ಫೋನಲ್ಲಿ ಒಂದ್ಸಲನಾದ್ರೂ ನಿನ್ನ ಕೇಳಿದಾನಾ? ಒಂದ್ಸಲ?"

ಹಿತ್ತಲಲ್ಲಿ ಗಾಳಿಗೆ ತಗಡು ಕಿರಗುಟ್ಟುತ್ತಿತ್ತು. ಆಡಿದ ಮಾತು ನೋಲೀನಳಿಗೂ ಕೇಳಿಸಿತು. ಬೇರೆ ದಿನವಾಗಿದ್ದರೆ ಅವಳು ಅಲ್ಲಿಗೇ ಕುಸಿದು ಮಗಳನ್ನು ತಬ್ಬಿಕೊಳ್ಳುತ್ತಿದ್ದಳೇನೋ. ಆದರೆ ಕಣ್ಣು ಮಾಡಿನ ಮೇಲೇ ಇತ್ತು, ನಾಲಗೆ ಮುಂದಿನ ಮಾತಿಗೆ ಹೋಗಿತ್ತು.

"ಬಿಸ್ಕಿಟ್‌ನ ನೀನೇ ಇಟ್ಕೋ. ಇವತ್ತಿಂದ ಅದು ನಿಂದು. ಏನ್ ಬೇಕಾದ್ರೂ ಮಾಡ್ಕೋ. ಈಗೊಂದು ಸಲ ಕರಿ."

ಶೋನಾಳ ಮುಖ ಬಿಳಿಚಿಕೊಂಡಿತ್ತು. ಮಾಡಿನ ಕಡೆ ನೋಡಿ ಕೇಳಿದಳು, "ನಂದೇನಾ?"

"ನಿಂದೇ."

"ಏನ್ ಮಾಡಿದ್ರೂ ನೀನು ಕೇಳೋ ಹಾಗಿಲ್ಲ."

"ಕೇಳಲ್ಲ. ಕರಿ."

ಶೋನಾ ಎದ್ದು ಅಂಗೈ ಚಾಚಿ ಮೆಲ್ಲಗೆ ಸಿಳ್ಳು ಹಾಕಿದಳು. ಬಿಸ್ಕಿಟ್ ನೆತ್ತಿಯಿಂದ ಜಾರಿದಂತೆ ಇಳಿದು ಅವಳ ಕೈಮೇಲೆ ಕುಳಿತುಕೊಂಡಿತು. ನೋಲೀನ್ ಉಂಗುರ ಬಿಚ್ಚಿ ಪೆಟ್ಟಿಗೆಗೆ ಹಾಕಿ ಕೀಲಿ ತಿರುಗಿಸಿದಳು.

ಮಧ್ಯಾಹ್ನವೆಲ್ಲ ನೋಲೀನ್ ಹಾಡು ಗುನುಗುತ್ತಿದ್ದಳು. ಮಗಳಿಗೆಂದು ಮಾಂಸದ ಪೈ ಬಿಸಿ ಮಾಡಿ, ಮೇಲೆ ಟೊಮೇಟೊ ಸಾಸು ಸುರಿದು ಕೊಟ್ಟಳು. ಅದು ತಟ್ಟೆಯಲ್ಲೇ ಆರಿತು. ಫೋನು ಬಂತು, ನೆಟ್‌ಬಾಲ್ ಕಲಿಸುವಾಕೆಯದು. ತಂಡ ಒಂದೇ ಗೋಲಿನಿಂದ ಸೋತಿತ್ತು. "ಹೊಟ್ಟೆನೋವು ರೀ ಅವಳಿಗೆ. ಬೆಳಗ್ಗೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ," ಎಂದಳು ನೋಲೀನ್. ಪಕ್ಕದಲ್ಲೇ ಶೋನಾ ನಿಂತಿದ್ದಳು. ಫೋನು ಇಟ್ಟ ಮೇಲೆ ತಾಯಿ ಮಗಳತ್ತ ನೋಡಿ ಮುಗುಳ್ನಕ್ಕಳು. "ಮತ್ತೇನ್ ಹೇಳ್ಲಿ ಹೇಳು?"

ಸಂಜೆ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಒಬ್ಬೊಬ್ಬರ ಪೆಟ್ಟಿಗೆಯನ್ನೂ ತೆರೆದು ನೋಡಿದರು. ಒಬ್ಬೊಬ್ಬರ ಮನೆಗಿರುವ ದೂರ ಲೆಕ್ಕ ಹಾಕಿ ವೇಗ ತೆಗೆದಾಗ, ಬಿಸ್ಕಿಟ್ ಮಾಡಿನ ಮೇಲೆ ಅಷ್ಟು ಹೊತ್ತು ಕಳೆದಿದ್ದರೂ ಕ್ಲಾರಿಯ ಹಕ್ಕಿಗಿಂತ ಕೂದಲೆಳೆಯಷ್ಟು ಮುಂದಿತ್ತು. ಕಾರ್ಯದರ್ಶಿ ಹೆಸರು ಓದಿದಾಗ ಮುದುಕರು ಬಿಯರ್ ಗ್ಲಾಸು ಮೇಜಿಗೆ ಕುಟ್ಟಿದರು.

"ಗಾಳಿ ಗೆದ್ದಿದ್ದಮ್ಮ, ಹಕ್ಕಿಯಲ್ಲ," ಎಂದ ಕ್ಲಾರಿ.

"ನಿಮ್ಮನೆ ಕಡೆ ಗಾಳಿ ಬೀಸಿರ್ಲಿಲ್ವಾ ಕ್ಲಾರಿ?" ಎಂದಳು ನೋಲೀನ್. ಎಲ್ಲರೂ ನಕ್ಕರು. ಇಷ್ಟು ವರ್ಷಗಳಲ್ಲಿ ಅವಳ ಮಾತಿಗೆ ಅಲ್ಲಿ ಯಾರೂ ನಕ್ಕಿರಲಿಲ್ಲ. ಬಹುಮಾನದ ಬೆಳ್ಳಿಯ ಬಟ್ಟಲನ್ನು ಎದೆಗೊತ್ತಿ ಹಿಡಿದು ಅವಳು ಮಾತಾಡಿದಳು. ಮಾತು ಬೆಳೆಯಿತು. "ಗೆದ್ದಿದ್ದು ನಾನಲ್ಲ, ನನ್ನ ಮಗಳು. ಫೈನಲ್ ಮ್ಯಾಚು ಬಿಟ್ಟು ಬಂದು ಕೂತ್ಲು ನನ್ನ ಜೊತೆ. ಈ ಹಕ್ಕಿ ಅವಳದು. ಕೊಟ್ಬಿಟ್ಟಿದೀನಿ ಅವಳಿಗೆ." ಅವಳ ಕಣ್ಣು ಒದ್ದೆಯಾಗಿತ್ತು, ಅದು ನಟನೆಯಲ್ಲ.

ಗೆದ್ದ ಹಕ್ಕಿಯನ್ನು ಎಲ್ಲರಿಗೂ ತೋರಿಸುವುದು ವಾಡಿಕೆ. ಶೋನಾ ಬಿಸ್ಕಿಟ್ ಇದ್ದ ಬೆತ್ತದ ಬುಟ್ಟಿ ಹಿಡಿದು ಬಾಗಿಲ ಬಳಿ ನಿಂತಿದ್ದವಳು, ಚಪ್ಪಾಳೆಯ ನಡುವೆ ನೇರ ನಡೆದು ಬಂದು ಅದನ್ನು ಕ್ಲಾರಿಯ ಮೇಜಿನ ಮೇಲಿಟ್ಟಳು.

"ನಿಮಗೆ," ಎಂದಳು.

"ನೋಡೋಕಾ?"

"ಇಟ್ಕೊಳ್ಳೋಕೆ."

ಕ್ಲಾರಿ ನಕ್ಕ. ಹುಡುಗಿ ನಗದಿದ್ದುದನ್ನು ನೋಡಿ ನಿಲ್ಲಿಸಿದ. "ನಿಮ್ಮಮ್ಮನ್ನ ಕೇಳಿದ್ಯಾ?"

"ಇದು ನಂದು. ಈಗ ತಾನೇ ಹೇಳಿದ್ಲಲ್ಲ, ಎಲ್ರೂ ಕೇಳಿಸ್ಕೊಂಡ್ರಿ."

ಎಲ್ಲ ತಲೆಗಳೂ ನೋಲೀನಳ ಕಡೆ ತಿರುಗಿದವು. ಅವಳು ಬಟ್ಟಲನ್ನು ಇನ್ನಷ್ಟು ಎದೆಗೊತ್ತಿಕೊಂಡಳು. "ಅವಳು... ಹೂಂ, ಅವಳದೇ," ಎಂದಳು ಕೊನೆಗೆ.

ಕ್ಲಾರಿ ಬುಟ್ಟಿಯ ಮುಚ್ಚಳ ಎತ್ತಿ ಹಕ್ಕಿಯನ್ನು ಹೊರತೆಗೆದ. ಎದೆಮೂಳೆ ಮುಟ್ಟಿದ, ರೆಕ್ಕೆ ಬಿಡಿಸಿದ. ಮುದುಕನ ಮುಖದಲ್ಲಿ ಆಸೆ ಕಂಡಿತು, ಆದರೂ ದನಿ ತಗ್ಗಿಸಿ ಹೇಳಿದ, "ನೋಡು ಮಗು, ಇದನ್ನ ನಾನು ಹಾರಿಸೋಕಾಗಲ್ಲ. ಬಿಟ್ರೆ ನೆಟ್ಟಗೆ ನಿಮ್ಮನೆ ಮಾಡಿಗೇ ಹೋಗತ್ತೆ. ಬಲೆ ಹಾಕಿದ ಗೂಡಲ್ಲಿ ಮರಿ ತೆಗೆಯೋಕೆ ಇಟ್ಕೋಬೇಕು, ಅಷ್ಟೇ. ಸಾಯೋ ತನಕ ಹೊರಗೆ ಬಿಡಂಗಿಲ್ಲ."

"ಗೊತ್ತು."

"ಗೊತ್ತಿದ್ದೂ ಕೊಡ್ತೀಯಾ?"

ಬಿಸ್ಕಿಟ್ ಅವಳ ದನಿ ಕೇಳಿ ಕತ್ತು ಉದ್ದ ಮಾಡಿ ಅವಳ ಬೆರಳನ್ನು ಕೊಕ್ಕಿನಿಂದ ತಡಕಿತು. ಶೋನಾ ಬೆರಳು ಹಿಂದಕ್ಕೆಳೆದುಕೊಂಡಳು. "ಕೊಡ್ತೀನಿ. ಮರಿ ಆದಾಗ ಅಮ್ಮನಿಗೆ ಕೊಡ್ಬೇಡಿ."

ಯಾರೋ ಕೆಮ್ಮಿದರು. ಇನ್ಯಾರೋ ಸುಮ್ಮನೆ ಗ್ಲಾಸು ಎತ್ತಿ ಕೆಳಗಿಟ್ಟರು. ಕ್ಲಾರಿ ನೋಲೀನಳತ್ತ ನೋಡಿದ. ವರ್ಷಗಳಿಂದ ಅವಳನ್ನು ಕೆಣಕುತ್ತಾ ಬಂದವನು ಈ ಸಲ ಕೆಣಕಲಿಲ್ಲ. ಆದರೆ ಹಕ್ಕಿಯನ್ನು ವಾಪಸು ಕೊಡಲೂ ಇಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ಕ್ಯಾಮೆರಾ ತಂದ. ಗೋಡೆಗೆ ಹಾಕುವ ಫೋಟೋ, ಪ್ರತಿ ವರ್ಷದ್ದು. ಏನು ನಡೆದಿದೆಯೆಂದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಇಷ್ಟವೂ ಇದ್ದಂತಿರಲಿಲ್ಲ. "ಹಕ್ಕಿ ನೀವೇ ಹಿಡ್ಕೊಳ್ಳಿ ಕ್ಲಾರಿ, ನಿಮ್ಮ ಕೈಯಲ್ಲೇ ಇದ್ಯಲ್ಲ. ನೋಲೀನ್, ಬಟ್ಟಲು ಸ್ವಲ್ಪ ಮೇಲೆ. ಮಗಳು ಮಧ್ಯದಲ್ಲಿ ಬರ್ಲಿ." ಮೂವರೂ ಗೋಡೆಗೆ ಬೆನ್ನು ಮಾಡಿ ನಿಂತರು. "ಇನ್ನೂ ಹತ್ರ," ಎಂದ ಅವನು. ನೋಲೀನ್ ಒಂದು ಹೆಜ್ಜೆ ಸರಿದು ಮಗಳ ಬೆನ್ನಿನ ಮೇಲೆ ಕೈ ಇಟ್ಟಳು. ನೀಲಿ ಬಟ್ಟೆಯ ಕೆಳಗೆ ಬೆನ್ನು ಬಿಗಿಯಾಗಿತ್ತು, ಬಿಸಿಯಾಗಿತ್ತು. ಶೋನಾ ಸರಿಯಲಿಲ್ಲ. ಕ್ಯಾಮೆರಾ ನೋಡಿ, ಅವನು ನಗಿ ಎಂದ ತಕ್ಷಣ, ಹಲ್ಲು ಕಾಣುವಂತೆ ನಕ್ಕಳು.