ರಸ್ತೆ ದಾಟಿಸುವ ಕೆಲಸ

"ಈಗ?" ಎಂದಳು ಮುದುಕಿ.

"ಬೇಡಮ್ಮ, ಬಸ್ಸು ಬರ್ತಿದೆ."

"ಈಗ?"

"ಇನ್ನೊಂದು ಬರ್ತಿದೆ."

"ಬಸ್ಸು ಬರೋದು ಮುಗೀಲಿ ಅಂತ ಕಾದ್ರೆ ಆಯ್ತು, ನನ್ನನ್ನ ಎತ್ಕೊಂಡು ಹೋಗೋ ಗಾಡೀನೇ ಬರುತ್ತೆ. ನುಗ್ಗಬೇಕು ಕಣೇ ಹುಡುಗಿ, ನುಗ್ಗಬೇಕು."

ತಂಗಿ ಒಂದು ಕಾಲನ್ನು ಫುಟ್‌ಪಾತಿನಿಂದ ಕೆಳಗಿಟ್ಟು ಮತ್ತೆ ಎಳೆದುಕೊಂಡಳು. ಎದುರಿಗೆ ಹರಿಯುತ್ತಿದ್ದುದನ್ನು ರಸ್ತೆ ಎನ್ನಲು ಅವಳಿಗೆ ಬಾಯೇ ಬರುತ್ತಿರಲಿಲ್ಲ. ಅವಳ ಊರಿನಲ್ಲಿ ರಸ್ತೆ ಅಂತ ಇದ್ದುದು ಒಂದೇ. ಅದರ ಮೇಲೆ ಬರುವ ಬಸ್ಸಿನ ಡ್ರೈವರು ಗಾಡಿ ನಿಲ್ಲಿಸಿ, "ಏನಮ್ಮ, ಇವತ್ತು ಯಾವ ಪಿಕ್ಚರು?" ಎಂದು ಕೇಳಿ ಮುಂದೆ ಹೋಗುತ್ತಿದ್ದ. ಅವಳು ಟಾಕೀಸಿನಲ್ಲಿ ಟಿಕೆಟ್ ಹರಿದುಕೊಡುತ್ತಿದ್ದವಳು. ಕಿಂಡಿಯಿಂದ ಹೊರಬರುವ ಅವಳ ಕೈ ಇಡೀ ಊರಿಗೆ ಗೊತ್ತಿತ್ತು. ಟಾಕೀಸನ್ನು ಕೆಡವಿ ಗೋದಾಮು ಕಟ್ಟಿದರು. ಮನೆಯಲ್ಲಿ ಅಣ್ಣ ಅತ್ತಿಗೆಯ ಮುಖ ದಿನದಿನಕ್ಕೂ ಗಂಟಿಕ್ಕುತ್ತ ಬಂದಾಗ ಅಕ್ಕ ಫೋನು ಮಾಡಿ, "ಇಲ್ಲಿಗೆ ಬಂದ್ಬಿಡು, ನಾನಿರೋ ಅಂಗಡೀಲೇ ಕೆಲಸ ಕೊಡಿಸ್ತೀನಿ" ಅಂದಿದ್ದಳು. ಬಂದು ವಾರ ತುಂಬುವ ಮೊದಲೇ ಸಿಕ್ಕಿದ ಕೆಲಸ ಇದು: ಅಕ್ಕನ ಅತ್ತೆಯನ್ನು ರಸ್ತೆಯಾಚೆಯ ಕಣ್ಣಿನ ಆಸ್ಪತ್ರೆಗೆ ದಾಟಿಸುವುದು.

ನಗರ ಅವಳನ್ನು ಬೈದೇ ಬರಮಾಡಿಕೊಂಡಿತ್ತು. ಬಸ್ ನಿಲ್ದಾಣದ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ಎಡಬಲ ನೋಡುತ್ತ ನಿಂತದ್ದಕ್ಕೆ ಹಿಂದಿನಿಂದ ಯಾರೋ, "ನಿಮ್ಮಪ್ಪನ ಜಾಗಾನಾ?" ಎಂದು ತಳ್ಳಿಕೊಂಡು ಹೋಗಿದ್ದರು. ನೋಡಿದರೆ ಕೋಟು ತೊಟ್ಟ, ಓದಿಕೊಂಡ ಮುಖದ ಮನುಷ್ಯ. ಅಕ್ಕನ ಮನೆ ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ಕೈಗೆಟಕುವಷ್ಟು ಹತ್ತಿರದಲ್ಲಿ ಮೇಲ್ಸೇತುವೆ. ಬೆಳಿಗ್ಗೆ ಅದರ ಮೇಲೆ ಕಾರುಗಳು ಅಲುಗದೆ ನಿಂತಾಗ ಒಳಗಿನ ಜನ ಕಾಣುತ್ತಿದ್ದರು. ಒಬ್ಬ ಗಡ್ಡ ಹೆರೆದುಕೊಳ್ಳುತ್ತಿದ್ದ. ಒಬ್ಬಳು ಸ್ಟೀರಿಂಗಿಗೆ ಹಣೆಯೊತ್ತಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ತಂಗಿ ಗಾಬರಿಯಾಗಿ ಅಕ್ಕನನ್ನು ಕೂಗಿದಳು. ಅಕ್ಕ ಬಂದು ನೋಡಿ, "ಸಿಗ್ನಲ್ ಬಿಟ್ರೆ ಸರಿಹೋಗ್ತಾಳೆ" ಎಂದು ಪರದೆ ಎಳೆದಳು.

ಈ ರಸ್ತೆ ದಾಟಲೆಂದೇ ಒಂದು ಕಾಲುಸೇತುವೆಯೂ ಇತ್ತು. ಆದರೆ ಮುದುಕಿಯ ಮಂಡಿ ಆ ಮೆಟ್ಟಿಲು ಹತ್ತುವಂತಿರಲಿಲ್ಲ. ಪಕ್ಕದ ಲಿಫ್ಟಿನ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು, ಆ ಬೀಗವೂ ತುಕ್ಕು ಹಿಡಿದಿತ್ತು. ಭಾವ ಲಿಫ್ಟ್ ಮೆಕ್ಯಾನಿಕ್. ಹೇಳಿದರೆ, "ಅದು ನಮ್ಮ ಕಂಪನಿದಲ್ಲ" ಎಂದು ಪೇಪರು ತಿರುಗಿಸಿದ್ದ.

"ಊರೋರನ್ನೆಲ್ಲ ಮೇಲಕ್ಕೆ ಹತ್ತಿಸ್ತಾನೆ ನನ್ನ ಮಗ. ಹೆತ್ತೋಳು ಮಾತ್ರ ಕೆಳಗೇ ಇರಬೇಕು," ಎಂದಿದ್ದಳು ಮುದುಕಿ.

ಅವಳು ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ಆಯುಷ್ಯ ಕಳೆದವಳು. ಕಣ್ಣು ಮುಕ್ಕಾಲು ಹೋಗಿದ್ದರೂ ಹಿಡಿತ ಸಡಿಲವಾಗಿರಲಿಲ್ಲ. ತಂಗಿಯ ಮಣಿಕಟ್ಟು ಆಗಲೇ ನೋಯುತ್ತಿತ್ತು. ಬಾಯಂತೂ ಇನ್ನೂ ಬಲ. ಸೊಸೆ ದಿನವಿಡೀ ಬೂಟಿನ ಅಂಗಡಿಯಲ್ಲಿ ಮಂಡಿಯೂರಿ ಬೇರೆಯವರ ಮಕ್ಕಳ ಕಾಲಿಗೆ ಬೂಟು ತೊಡಿಸಿ ಮನೆಗೆ ಬಂದರೆ ಒಳಗಿನಿಂದ ಇವಳ ದನಿ ಏಳುತ್ತಿತ್ತು: "ಊರ ಮಕ್ಕಳನ್ನೆಲ್ಲ ಎತ್ತಿದ ಕೈ ಇದು. ಮನೇಲಿ ಎತ್ತೋಕೆ ಒಂದು ಕೊಟ್ಟಳಾ ಮಹಾರಾಯ್ತಿ?" ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ತಂಗಿಯ ಮೇಲೆ ಮಾತ್ರ ಮುದುಕಿಗೆ ಅದೇನೋ ಒಲವು. ಸಿನಿಮಾದ ಕಥೆ ಹೇಳಿಸಿಕೊಳ್ಳುತ್ತಿದ್ದಳು, ತನ್ನ ಕಂಬಳಿ ಅವಳಿಗೆ ಹೊದಿಸುತ್ತಿದ್ದಳು.

"ಕೇಳ್ತಿದೆಯಾ ಹಾರ್ನು?" ಎಂದಳು ಈಗ. "ಇಲ್ಲಿ ಓಡಾಡೋ ಅರ್ಧ ಜನಾನ ಹೊರಗೆ ಎಳೆದೋಳು ನಾನೇ. ಹಿಂಗೆ ಗಾಡಿ ಓಡಿಸ್ತಾರೆ ಅಂತ ಗೊತ್ತಿದ್ದಿದ್ರೆ ಹಂಗೇ ವಾಪಸ್ ತಳ್ಳಿಬಿಡ್ತಿದ್ದೆ."

ತಂಗಿಗೆ ನಗು ಬಂತು. ನಗುವಿನಲ್ಲೇ ಹೇಗೋ ಧೈರ್ಯವೂ ಬಂತು. ಒಂದು ಲಾರಿ ಕೊಂಚ ನಿಧಾನಿಸಿದ್ದೇ ಮುದುಕಿಯನ್ನು ಎಳೆದುಕೊಂಡು ಇಳಿದುಬಿಟ್ಟಳು. ರಸ್ತೆಯ ನಡುವಿನ ಕಟ್ಟೆಯವರೆಗೆ ಇಬ್ಬರೂ ಹೇಗೋ ತಲುಪಿದರು. ಉಳಿದ ಅರ್ಧಕ್ಕೆ ಕಾಲಿಟ್ಟು ನಾಲ್ಕು ಹೆಜ್ಜೆ ಹೋಗಿರಬೇಕು, ಒಂದು ಬಸ್ಸು ಇನ್ನೊಂದನ್ನು ಹಿಂದೆ ಹಾಕಿ ನೇರ ಅವರ ಮೇಲೆಯೇ ಬಂತು. ಡ್ರೈವರನ ಮುಖ ತಂಗಿಗೆ ಸ್ಪಷ್ಟವಾಗಿ ಕಂಡಿತು. ಅವನು ಅವಳನ್ನು ನೋಡುತ್ತಿದ್ದ. ನೋಡಿಯೂ ನಿಲ್ಲಿಸುವವನ ಮುಖ ಅದಾಗಿರಲಿಲ್ಲ.

ಆಮೇಲೆ ಅವಳಿಗೆ ನೆನಪಿರುವುದು ತನ್ನ ಕೈ ಹಗುರವಾದದ್ದು. ಓಡಿದಳು. ಆಚೆಯ ಫುಟ್‌ಪಾತಿನ ಕಂಬಿಗೆ ಎದೆ ಬಡಿದ ಮೇಲೆಯೇ ಕಾಲು ನಿಂತದ್ದು.

ತಿರುಗಿ ನೋಡಿದಳು. ಬಸ್ಸು ಹೋಗಿಯಾಗಿತ್ತು. ಮುದುಕಿ ರಸ್ತೆಯ ಮಧ್ಯೆ ನಿಂತಿದ್ದಳು. ಹಿಡಿದಿದ್ದ ಕೈಯನ್ನು ಹಾಗೆಯೇ ಮುಂದೆ ಚಾಚಿಕೊಂಡು, ಮುಖವನ್ನು ಗಾಡಿ ಬಾರದ ದಿಕ್ಕಿಗೆ ತಿರುಗಿಸಿಕೊಂಡು. ಯಾರೂ ನಿಲ್ಲಲಿಲ್ಲ. ಒಬ್ಬ ಕಾರಿನ ಗಾಜಿಳಿಸಿ, "ಸಾಯೋಕೆ ನನ್ನ ಗಾಡೀನೇ ಬೇಕಾ?" ಎಂದು ಅರಚಿ ಗಾಜೇರಿಸಿಕೊಂಡ. ಸ್ಕೂಟರೊಂದು ಅವಳ ಮೊಣಕೈಗೆ ಬಡಿದುಕೊಂಡು ಹೋಯಿತು. ಚೀಲ ಕೆಳಗೆ ಬಿದ್ದು, ಹಿಂದಿನ ವ್ಯಾನು ಅದರ ಮೇಲೆ ಹತ್ತಿ ಇಳಿಯಿತು.

"ಹುಡುಗೀ," ಎಂದು ಕೂಗಿದಳು ಮುದುಕಿ. "ಎಲ್ಲಿದ್ದೀಯೇ?"

ತಂಗಿ ಒಂದು ಕಾಲು ಮುಂದಿಡಬೇಕೆಂದುಕೊಂಡಳು. ಕಾಲು ಬರಲಿಲ್ಲ. ದನಿಯಾದರೂ ಕೊಡಬಹುದಿತ್ತು. ಫುಟ್‌ಪಾತಿನ ಮೇಲೆ ಡಬ್ಬಿಯಂಗಡಿ ಇಟ್ಟುಕೊಂಡಿದ್ದ ಕೀಲಿಕೈ ಮಾಡುವವನು ಅರ ಉಜ್ಜುವುದನ್ನು ನಿಲ್ಲಿಸಿ, "ಯಾರ್ರೀ ಆ ಮುದುಕಿ? ನಿಮ್ಮ ಜೊತೆ ಬಂದೋರಾ?" ಎಂದು ಕೇಳಿದ.

"ಅಲ್ಲ," ಎಂದಳು ತಂಗಿ.

ಅಂದದ್ದು ತಾನೇ ಎಂದು ಗೊತ್ತಾಗಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು.

"ಹಿಂಗೇ ಬೀದಿಗೆ ಬಿಟ್ಟು ಕೈ ತೊಳ್ಕೊಂಡುಬಿಡ್ತಾರೆ ಜನ," ಎಂದು ಅವನು ಮತ್ತೆ ಅರ ಉಜ್ಜತೊಡಗಿದ.

ಯಾರೂ ಬರುವುದಿಲ್ಲವೆಂದು ಮುದುಕಿಗೆ ತಿಳಿದುಹೋಯಿತೇನೋ. ಎರಡೂ ಕೈಗಳನ್ನು ಮುಂದೆ ಚಾಚಿ, ಕತ್ತಲ ಕೋಣೆಯಲ್ಲಿ ಗೋಡೆ ಹುಡುಕುವವಳಂತೆ ನಡೆಯತೊಡಗಿದಳು. ಬ್ರೇಕುಗಳು ಕಿರುಗುಟ್ಟಿದವು. ಬೈಗುಳಗಳ ನಡುವೆಯೇ ಬಂದು, ಫುಟ್‌ಪಾತಿನ ಅಂಚಿಗೆ ಕಾಲು ತಗುಲಿ ಮುಗ್ಗರಿಸಿ, ಕೀಲಿಕೈಯವನ ಡಬ್ಬಿ ಹಿಡಿದು ನಿಂತಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ಇಲ್ಲೇ ಇದೀನಮ್ಮ," ಎಂದಳು ತಂಗಿ.

ಕೀಲಿಕೈಯವನು ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಮತ್ತೆ ಕೀಲಿಕೈಯ ಕಡೆ ಬಗ್ಗಿದ. ಅದೇ ಅವಳಿಗೆ ಬೈಗುಳಕ್ಕಿಂತ ಕಷ್ಟವಾಯಿತು.

ಮುದುಕಿಯ ಉಸಿರು ಒಂದು ಹದಕ್ಕೆ ಬರಲು ಬಹಳ ಹೊತ್ತಾಯಿತು. "ಕೈ ಬೆವರಿತ್ತು. ಜಾರಿತು," ಎಂದಳು ಕೊನೆಗೆ. "ಅಷ್ಟೇ ತಾನೆ?"

"ಹೂಂ, ಅಮ್ಮ."

"ಹಂಗಾದ್ರೆ ನಡಿ. ಡಾಕ್ಟ್ರು ಎದ್ದುಹೋಗ್ತಾರೆ."

ಆಸ್ಪತ್ರೆಯಲ್ಲಿ ಕಣ್ಣು ನೋಡುವ ಮೊದಲು ಮೊಣಕೈಗೆ ಔಷಧಿ ಹಚ್ಚಿ ಪಟ್ಟಿ ಕಟ್ಟಿದರು. ಕಟ್ಟಿದ ಹುಡುಗಿಗೆ ಸುತ್ತಲು ಬರುವುದಿಲ್ಲವೆಂದು ಮುದುಕಿ ತಾನೇ ಬಿಚ್ಚಿ, ಹಲ್ಲಿನಲ್ಲಿ ತುದಿ ಕಚ್ಚಿ, ಒಂದೇ ಕೈಯಲ್ಲಿ ಮತ್ತೆ ಕಟ್ಟಿಕೊಂಡಳು. ಉಳಿದ ಪಟ್ಟಿಯ ಸುರುಳಿಯನ್ನು ಕೇಳದೆಯೇ ಮಡಿಲಿಗೆ ಹಾಕಿಕೊಂಡಳು. ಹಿಂದಿರುಗುವಾಗ ರಸ್ತೆ ದಾಟಲು ಅವಳು ಒಪ್ಪಲಿಲ್ಲ. ಕಾಲುಸೇತುವೆಯ ಮೆಟ್ಟಿಲ ಮೇಲೆ ಕೂತು ಕೂತು, ಹಿಂದುಮುಂದಾಗಿ, ಮಗುವಿನ ಹಾಗೆ ಹತ್ತಿದಳು. ಹೋಗುವವರು ಬರುವವರು ಅವಳನ್ನು ದಾಟಿಕೊಂಡು ನಡೆದರು. ಮನೆ ಸೇರಿದ ಮೇಲೆ ಮಂಡಿ ಊದಿ ವಾರವಿಡೀ ಕಾಲು ನೆಲಕ್ಕೆ ಊರಲಾಗಲಿಲ್ಲ.

ಸಂಜೆ ಭಾವ ಬಂದು ಪಟ್ಟಿ ನೋಡಿ, "ಏನಾಯ್ತಮ್ಮ?" ಎಂದ.

"ಬಾಗಿಲಿಗೆ ತಗುಲ್ತು," ಎಂದಳು ಮುದುಕಿ.

ತಂಗಿ ಉಣ್ಣುವುದನ್ನು ಅರ್ಧಕ್ಕೇ ಬಿಟ್ಟಳು. ತಟ್ಟೆ ಹಿಡಿದು ಅಡುಗೆಮನೆಗೆ ಹೋದಳು. ಅಕ್ಕ ನೆಲದ ಮೇಲೆ ಕೂತು, ನರ ಉಬ್ಬಿದ ತನ್ನ ಮೀನಖಂಡಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ತಂಗಿ ಅವಳ ಪಕ್ಕ ಕುಸಿದು, ಅಳುತ್ತಲೇ ಎಲ್ಲವನ್ನೂ ಹೇಳಿದಳು. ಕೈ ಬಿಟ್ಟದ್ದು, ಕೂಗಿದರೂ ಓಗೊಡದೆ ನಿಂತದ್ದು, 'ಅಲ್ಲ' ಎಂದದ್ದು. ಅಕ್ಕ ಕೆನ್ನೆಗೆ ಹೊಡೆಯಲಿ ಎಂದು ಕಾದಳು.

ಅಕ್ಕ ಎಣ್ಣೆ ತಿಕ್ಕುವುದನ್ನು ನಿಲ್ಲಿಸಿದ್ದಳು.

"ಬಸ್ಸು ಎಷ್ಟು ಹತ್ರ ಬಂದಿತ್ತು?" ಎಂದು ಕೇಳಿದಳು.

"ಅಕ್ಕಾ?"

"ಎಷ್ಟು ಹತ್ರ ಅಂತ ಕೇಳ್ದೆ."

"ಇಷ್ಟು," ಎಂದು ತಂಗಿ ಬಾಗಿಲನ್ನು ತೋರಿಸಿದಳು.

ಅಕ್ಕ ಬಾಗಿಲನ್ನೇ ನೋಡುತ್ತ ಕೂತಳು. ಆಮೇಲೆ ಬಹಳ ಮೆಲ್ಲಗೆ, ಅಂಗಡಿಯಲ್ಲಿ ಗಿರಾಕಿಯ ಮಗುವಿಗೆ ಹೇಳುವ ದನಿಯಲ್ಲಿ, "ಅಳಬೇಡ. ನಿಂದೇನೂ ತಪ್ಪಿಲ್ಲ. ಈ ಊರಲ್ಲಿ ದಿನಾ ಆಗೋದೇ," ಎಂದಳು. "ಪಾಪ, ಅವರಿಗೂ ಕಣ್ಣಿಲ್ಲ, ಕಾಲಿಲ್ಲ. ಯಾವ ಸುಖಕ್ಕೆ ಇದಾರೆ ಹೇಳು. ನೀನೂ ಎಷ್ಟು ದಿನ ಅಂತ ಅವರ ಕಾಲ ಬುಡದಲ್ಲಿ ಚಾಪೆ ಹಾಸ್ಕೊಂಡು ಮಲಗ್ತೀಯ? ನಿನಗೂ ಒಂದು ರೂಮು ಬೇಡವಾ?"

ತಂಗಿ ಅಕ್ಕನ ಮುಖ ನೋಡಿದಳು. ಚಿಕ್ಕಂದಿನಲ್ಲಿ ಜ್ವರ ಬಂದಾಗ ಶಾಲೆ ಬಿಟ್ಟು ಪಕ್ಕದಲ್ಲಿ ಕೂತಿದ್ದವಳ ಮುಖ ಅದೇ.

"ಮುಂದಿನ ಸಲಾನೂ ನೀನೇ ಕರ್ಕೊಂಡು ಹೋಗು," ಎಂದಳು ಅಕ್ಕ. "ಕಾಲುಸೇತುವೆ ಗೀತುವೆ ಬೇಡ. ಮಂಡಿಗೆ ಒಳ್ಳೇದಲ್ಲ."

ಅಡುಗೆಮನೆಗೂ ಮುದುಕಿಯ ಕೋಣೆಗೂ ನಡುವೆ ಇದ್ದುದು ಬರಿಯ ಹಲಗೆಯ ಅಡ್ಡಗೋಡೆ. ಅದರಾಚೆ ಮಂಚ ಒಮ್ಮೆ ಕಿರುಗುಟ್ಟಿತು.

ಮುಂದಿನ ವಾರದೊಳಗೆ ತಂಗಿ ರಸ್ತೆ ದಾಟುವುದನ್ನು ಕಲಿತಳು. ಹಾಲಿಗೆ, ತರಕಾರಿಗೆ, ಭಾವನ ಸಿಗರೇಟಿಗೆ ಅಕ್ಕ ಅವಳನ್ನೇ ಆಚೆಗೆ ಕಳಿಸುತ್ತಿದ್ದಳು. ಡ್ರೈವರನ ಮುಖ ನೋಡಬಾರದು, ಗಾಲಿ ನೋಡಬೇಕು. ಅಂಗೈ ಚಾಚಿದರೆ ಅವನು ಬೈದಾದರೂ ನಿಲ್ಲುತ್ತಾನೆ. ಮಧ್ಯದಲ್ಲಿ ಯೋಚಿಸಿದವರು ಕೆಟ್ಟರು. ಒಂದು ದಿನ ಫುಟ್‌ಪಾತಿನಲ್ಲಿ ದಾಟಲಾಗದೆ ನಿಂತಿದ್ದ ಹೆಂಗಸೊಬ್ಬಳು, "ಸ್ವಲ್ಪ ಕೈ ಹಿಡ್ಕೊಳ್ತೀರಾ?" ಎಂದರೆ ಕೇಳಿಸದವಳಂತೆ ಇಳಿದು ಹೋದಳು. ಆಚೆ ತಲುಪಿದ ಮೇಲೂ ತಿರುಗಿ ನೋಡಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋಗುವ ದಿನ ಬೆಳಿಗ್ಗೆ ಅಕ್ಕ ಅಂಗಡಿಯಿಂದ ತಂದಿದ್ದ ಡಬ್ಬಿಯೊಂದನ್ನು ತಂಗಿಯ ಮುಂದಿಟ್ಟಳು. ಒಳಗೆ ಹೊಸ ಕ್ಯಾನ್ವಾಸ್ ಬೂಟು. ಅಕ್ಕ ಮಂಡಿಯೂರಿ ತಾನೇ ಅವಳ ಕಾಲಿಗೆ ತೊಡಿಸಿ, ದಾರ ಬಿಗಿದು, ಹೆಬ್ಬೆರಳಿನ ಮೇಲೆ ಒತ್ತಿ ನೋಡಿದಳು.

"ಹಗುರ ಇದೆ," ಎಂದಳು. "ಓಡೋಕೆ ಚೆನ್ನಾಗಿರುತ್ತೆ."

"ನೋಡಮ್ಮ, ನಿನ್ನ ಸೊಸೆಗೆ ತಂಗಿ ಅಂದ್ರೆ ಎಷ್ಟು ಪ್ರೀತಿ," ಎಂದು ನಕ್ಕ ಭಾವ, ಕೆಲಸದ ಚೀಲ ಹೆಗಲಿಗೇರಿಸುತ್ತ.

"ಕಾಣ್ತಿದೆ," ಎಂದಳು ಮುದುಕಿ.

ಫುಟ್‌ಪಾತಿನ ಅಂಚಿಗೆ ಬಂದು ನಿಂತಾಗ ಬಿಸಿಲು ಏರಿತ್ತು. ಬಸ್ಸು, ಲಾರಿ, ಮತ್ತೆ ಬಸ್ಸು. ತಂಗಿ ಕೈ ಚಾಚಿದಳು. ಮುದುಕಿ ಹಿಡಿಯಲಿಲ್ಲ. ಮಡಿಲಿನಿಂದ ಪಟ್ಟಿಯ ಸುರುಳಿ ತೆಗೆದು, ತಂಗಿಯ ಮಣಿಕಟ್ಟನ್ನು ತಡವಿ ಹುಡುಕಿ, ಅದಕ್ಕೊಂದು ಸುತ್ತು, ತನ್ನ ಮಣಿಕಟ್ಟಿಗೊಂದು ಸುತ್ತು, ಮತ್ತೆ ಎರಡಕ್ಕೂ ಸೇರಿಸಿ ಬಿಗಿಯತೊಡಗಿದಳು. ಬೆರಳುಗಳಿಗೆ ಕಣ್ಣು ಬೇಕಿರಲಿಲ್ಲ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಾಗ ತಂಗಿಯ ಬಾಯಿಂದ ಸಣ್ಣಗೆ ಕೂಗು ಹೊರಟಿತು.

"ಬಿಗಿಯಾಯ್ತಮ್ಮ."

"ಆಗ್ಲಿ."

"ಸ್ವಲ್ಪ ಸಡಿಲ ಮಾಡಿ. ಓಡೋಕಾಗಲ್ಲ."

"ಓಡೋದು ಬೇಡ," ಎಂದಳು ಮುದುಕಿ. "ನನಗೆ ಕಿವಿ ಚೆನ್ನಾಗಿದೆ ಕಣೇ."

ತಂಗಿ ಬಿಡುಗೈಯ ಉಗುರಿನಿಂದ ಗಂಟನ್ನು ಕೆರೆದಳು. ಗಂಟಿನ ತುದಿ ಎಲ್ಲಿದೆಯೆಂದೇ ಸಿಗಲಿಲ್ಲ. ಬಲಗಡೆಯಿಂದ ಬಸ್ಸೊಂದು ಹಾರ್ನು ಒತ್ತಿಕೊಂಡೇ ಬರುತ್ತಿತ್ತು. "ಇರಿ, ಅದು ಹೋಗ್ಲಿ" ಎಂದು ಅವಳು ಹೇಳುತ್ತಿರುವಾಗಲೇ ಮುದುಕಿ ಫುಟ್‌ಪಾತಿನಿಂದ ಕೆಳಗೆ ಕಾಲಿಟ್ಟಳು. ಎರಡು ಕೈಗಳ ನಡುವೆ ಬಿಳಿಯ ಪಟ್ಟಿ ಬಿಗಿದು ನಿಂತಿತು.