ಗಾಡೀ, ಅವರಿಗೆ ಹೇಳು

ನಮ್ಮ ಬಾತಾಕ್ ಜನರಲ್ಲಿ ಮಾವ ಸೊಸೆ ನೇರವಾಗಿ ಮಾತಾಡುವಂತಿಲ್ಲ, ಹೆಸರು ಹಿಡಿದು ಕರೆಯುವ ಮಾತಂತೂ ದೂರ. ಸಿಯಾಂತಾರ್ ಪೇಟೆಯಲ್ಲಿ ಈಗ ಎಷ್ಟೋ ಮನೆಯವರು ಇದನ್ನು ಗಾಳಿಗೆ ಬಿಟ್ಟಿದ್ದಾರೆ. ನನ್ನ ಗಂಡ ಬಿಟ್ಟಿಲ್ಲ. ಸೊಸೆ ಎದುರಿಗೆ ಬಂದರೆ ಸೂರಿನಲ್ಲಿ ಹಲ್ಲಿ ಹುಡುಕುತ್ತಾರೆ. ಅವರು ಏನಾದರೂ ಹೇಳಬೇಕಾದರೆ ನನಗೆ ಹೇಳಬೇಕು, ನಾನು ಅವಳಿಗೆ ಹೇಳಬೇಕು. ಅವಳ ಉತ್ತರವೂ ನನ್ನ ಮೇಲೇ ಹಾದು ಹೋಗಬೇಕು. ಮೂವರೂ ಒಂದೇ ಚಾಪೆಯ ಮೇಲೆ ಕೂತಿದ್ದರೂ ಅಷ್ಟೇ.

"ಮೀನಿಗೆ ಖಾರ ಜಾಸ್ತಿ ಆಯ್ತು ಅಂತ ಹೇಳು."

"ಮೂರನೇ ಸಲ ಬಡಿಸ್ಕೊಂಡ್ರಲ್ಲ ಅಂತ ಕೇಳಿ, ಅಮ್ಮಾ."

ಊಟದ ವಿಷಯಕ್ಕೆ ಇದು ಹೇಗೋ ನಡೆಯುತ್ತಿತ್ತು. ಗಾಡಿ ಬಂದ ಮೇಲೆ ನನ್ನ ಗತಿ ಕೆಟ್ಟಿತು.

ಸೊಸೆ ಲಾಮ್ರಿಯಾಳ ಅಪ್ಪ, ಅಂದರೆ ನಮ್ಮ ಬೀಗರು, ಈ ಪೇಟೆಯಲ್ಲೇ ಬೆಚಾಕ್ ಓಡಿಸಿ ಬದುಕಿದವರು. ಬೆಚಾಕ್ ಅಂದರೆ ಇಲ್ಲಿ ಒಂದೇ ಥರ. ಯುದ್ಧಕಾಲದ ಇಂಗ್ಲಿಷ್ ಮೋಟರ್‌ಸೈಕಲ್ಲು, ಪಕ್ಕದಲ್ಲಿ ಜನ ಕೂರಲು ಒಂದು ತೊಟ್ಟಿಲು. ಬೇರೆ ಊರಿನ ತೆಳ್ಳನೆ ಸದ್ದಿನ ಗಾಡಿ ಹತ್ತಿದರೆ ನಮಗೆ ಎಲ್ಲಿಗೂ ಹೋದ ಹಾಗೇ ಆಗುವುದಿಲ್ಲ. ಬೀಗರು ತೀರಿಕೊಂಡ ಮೇಲೆ ಅವರ ಗಾಡಿ ಸರೋವರದ ದಂಡೆಯ ಅಜಿಬಾತಾದಲ್ಲಿ, ಅವರ ಹಳೇ ಮನೆಯ ಹಿತ್ತಲಲ್ಲಿ ನಿಂತು ಕೋಳಿಗೂಡಾಗಿತ್ತು. ಹೋದ ವರ್ಷ ಲಾಮ್ರಿಯಾ ಅದನ್ನು ತರಕಾರಿ ಲಾರಿಗೆ ಹಾಕಿಸಿಕೊಂಡು ಬಂದು ನಮ್ಮ ಅಂಗಳದಲ್ಲಿ ಇಳಿಸಿದಳು. ತೊಟ್ಟಿಲು ಪೂರಾ ಕೊಳೆತಿತ್ತು. ಸಾಮಾನಿನ ಡಬ್ಬಿ ತೆಗೆದರೆ ಮೊಟ್ಟೆ.

"ತಮ್ಮನ ಮದುವೆಗೆ ಅಜಿಬಾತಾಕ್ಕೆ ನಾನು ಇದರ ಮೇಲೇ ಹೋಗೋದು," ಅಂದಳು. "ಅಪ್ಪ ಅಂತೂ ಬರಲ್ಲ. ಅಪ್ಪನ ಸದ್ದಾದ್ರೂ ಅಂಗಳಕ್ಕೆ ಬರಲಿ ಅಮ್ಮಾ."

ನನ್ನ ಗಂಡ ಚಹಾ ತೋಟದ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಹಿಡಿದವರು. ನಿವೃತ್ತಿಯಾಗಿ ಬಂದಾಗ ಗುಜರಿಯಿಂದ ಒಂದು ಮುದಿ ಲೇತನ್ನೂ ಕರೆತಂದರು, ಮನೆಯ ಪಕ್ಕದ ತಗಡಿನ ಚಪ್ಪರದಲ್ಲಿ ಇಬ್ಬರೂ ಒಟ್ಟಿಗೆ ಮುದುಕರಾಗುತ್ತಿದ್ದಾರೆ. ಅವರು ಗಾಡಿಗೆ ಒಂದು ಸುತ್ತು ಬಂದರು.

"ಇದು ಗಾಡಿಯಲ್ಲ, ತುಕ್ಕಿನ ಪಲ್ಯ ಅಂತ ಹೇಳು."

"ಅವರ ಕೈಲಿ ಆಗಲ್ಲ ಅಂದ್ರೆ ಬೇಡ ಬಿಡಿ ಅಂತ ಹೇಳಿ, ಅಮ್ಮಾ."

ನಾನು ಬಾಯಿ ತೆರೆಯುವ ಮೊದಲೇ ಅವರು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದ್ದರು.

ನನ್ನ ಮಗ ತೋಗಾರನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಶಾಲೆಯಲ್ಲಿ ಹಾಡು ಕಲಿಸುತ್ತಾನೆ. ಬಂಗಾರದಂಥ ಹುಡುಗ, ಆದರೆ ಗ್ರೀಸ್ ಕಂಡರೆ ಬೆಕ್ಕು ನೀರು ಕಂಡ ಹಾಗೆ ಆಡುತ್ತಾನೆ. ಗಾಡಿ ಕಟ್ಟಿದ್ದು ಅವನ ಅಪ್ಪ ಮತ್ತು ಅವನ ಹೆಂಡತಿ. ಲಾಮ್ರಿಯಾ ನಡೆಯಲು ಕಲಿಯುವ ಮೊದಲೇ ತನ್ನಪ್ಪನ ಪಕ್ಕ ಕೂತು ಪಾನಾ ಎತ್ತಿಕೊಟ್ಟವಳು. ತೊಟ್ಟಿಲು ಬೇಡ, ಎರಡೇ ಚಕ್ರ ಸಾಕು, ಹ್ಯಾಂಡಲ್ ಅಗಲ ಬೇಕು, ಸೀಟು ತಗ್ಗಿರಬೇಕು ಎಂದು ಅವಳೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. ಇವರು ಲಾರಿಯ ಹಳೇ ಪಿಸ್ಟನ್ ತಂದು ಕಡೆದು ಇದಕ್ಕೆ ಕೂರಿಸಿದರು. ನನ್ನ ಅನ್ನದ ಪಾತ್ರೆ ಒಂದು ದಿನ ಕಾಣೆಯಾಯಿತು. ಕರಗಿ ಚೈನಿನ ಮುಚ್ಚಳವಾಗಿ ಮರುಹುಟ್ಟು ಪಡೆದಿತ್ತು.

ಈ ಇಬ್ಬರ ನಡುವೆ ನಾನು. ಒಲೆಯ ಮೇಲೆ ಹಂದಿಮಾಂಸ ಬೇಯಲಿಟ್ಟು ಚಪ್ಪರಕ್ಕೆ ಓಡಬೇಕು. "ಆ ನಟ್ಟು ಅರ್ಧ ಸುತ್ತು ಸಡಿಲ ಮಾಡು ಅಂತ ಹೇಳು." "ಯಾವ ನಟ್ಟು ಕೇಳಿ." "ಅದರ ಹಿಂದಿಂದು ಅಂತ ಹೇಳು." "ಯಾವುದರ ಹಿಂದಿಂದು ಕೇಳಿ." ಒಲೆಯಿಂದ ಸೀದ ವಾಸನೆ. ನಾನು ಓಡುತ್ತಾ "ಅರ್ಧ ಸುತ್ತು ಬಿಗಿ ಮಾಡ್ಬೇಕಂತೆ!" ಎಂದು ಕೂಗಿ ಅಡುಗೆಮನೆಗೆ ಹೋದೆ. ಟಕ್ ಎಂದು ಏನೋ ಮುರಿಯಿತು. ಮಾಂಸವೂ ಸೀದಿತ್ತು.

"ಸಡಿಲ ಅಂದಿದ್ದೆ ಕಣೇ ತೋಗಾರನಮ್ಮಾ!"

"ಹಾಗಿದ್ರೆ ನಿಮ್ಮ ಬಾಯಿಂದ್ಲೇ ಹೇಳ್ಕೊಳ್ಳಿ ತೋಗಾರನಪ್ಪಾ. ಈ ಅಂಚೆ ಕೆಲಸ ಇವತ್ತಿಗೆ ಬಂದ್!"

ಮರುದಿನ ಇಬ್ಬರೂ ಚಪ್ಪರ ಸೇರಿದರು. ನಾನು ಕಿಟಕಿಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಾ ಕಾದೆ. ಆಮೇಲೆ ನನ್ನ ಗಂಡ ಗಂಟಲು ಸರಿಮಾಡಿಕೊಂಡು ಪೆಟ್ರೋಲ್ ಟ್ಯಾಂಕಿಗೆ ಹೇಳಿದರು:

"ಗಾಡೀ, ಅವರಿಗೆ ಹೇಳು. ಸಣ್ಣ ಸುತ್ತಿಗೆ ಬೇಕು."

ಲಾಮ್ರಿಯಾ ಸುತ್ತಿಗೆಯನ್ನು ಸೀಟಿನ ಮೇಲೆ ಇಟ್ಟಳು. "ಗಾಡೀ, ಅವರಿಗೆ ಹೇಳು. ಇದಕ್ಕಿಂತ ಸಣ್ಣದಿಲ್ಲ."

ಅಷ್ಟೇ, ಕಟ್ಟೆ ಒಡೆಯಿತು. ನನ್ನ ಮೂಲಕ ಉಪ್ಪು ಖಾರ ದಾಟಿ ಆಚೆ ಹೋಗದವರು ಗಾಡಿಯ ಮೂಲಕ ಬೆಳಗಿನಿಂದ ಸಂಜೆಯವರೆಗೆ ಹರಟತೊಡಗಿದರು.

"ಗಾಡೀ, ನಿನ್ನ ಕಾರ್ಬುರೇಟರನ್ನ ಯಾರೋ ಪಾತ್ರೆ ತೊಳೆದ ಹಾಗೆ ತೊಳೆದಿದಾರೆ."

"ಗಾಡೀ, ಹುಟ್ಟಿದಾಗಿಂದ ಒಂದು ಪಾತ್ರೆ ತೊಳೆಯದವರಿಗೆ ಅದು ಹೇಗೆ ಗೊತ್ತಾಯ್ತು ಅಂತ ಕೇಳು."

ಎದುರಿನ ಹೆಂಡದಂಗಡಿಯಿಂದ ಮಾರೊಲೊಪ್ ಗ್ಲಾಸು ಹಿಡಿದುಕೊಂಡೇ ಬಂದು ಬೇಲಿಗೆ ಒರಗುತ್ತಿದ್ದ. ಅವನೂ ಹಳೇ ಬೆಚಾಕ್‌ನವನೇ, ನಮ್ಮ ಬೀಗರ ಗೆಳೆಯ. ನಮ್ಮಲ್ಲಿ ಗೆಳೆಯರೂ ಒಬ್ಬರನ್ನೊಬ್ಬರು ಭಾವ ಅನ್ನುತ್ತಾರೆ.

"ಏನಂತೆ ಭಾವಾ, ಗಾಡಿ? ಓಡದಿದ್ರೂ ಬಾಯಿ ಜೋರಾಗಿದೆ."

"ನಿನ್ನ ಹಾಗಲ್ಲ ಭಾವಾ. ಇದಕ್ಕೆ ಪೆಟ್ರೋಲ್ ಹಾಕಿದ್ರೆ ಮುಂದಕ್ಕಾದ್ರೂ ಹೋಗುತ್ತೆ," ಅನ್ನುತ್ತಿದ್ದರು ಇವರು.

ಟ್ಯಾಂಕಿಗೆ ನಮ್ಮ ಬಾತಾಕ್ ಬಣ್ಣಗಳಾದ ಕೆಂಪು ಕಪ್ಪು ಬಿಳಿ ಬಳಿದು, ಮನೆಯ ಮುಂಭಾಗದಲ್ಲಿ ಕೆತ್ತುವಂಥ ಒಂದು ಹಲ್ಲಿಯನ್ನು ಮೇಲೆ ಬರೆಸಿದ್ದು ನಾನು. ಇವರಿಗೆ ಸೊಸೆ ಎದುರಿಗಿದ್ದಾಗ ನೋಡಲು ಹಲ್ಲಿ ಹತ್ತಿರದಲ್ಲೇ ಇರಲಿ ಎಂದು.

ಎಂಜಿನ್ ಮೊದಲ ಸಲ ಕೆಮ್ಮಿದ ದಿನ ತೋಗಾರ್ ಕಿವಿಗೊಟ್ಟು ಕೇಳಿ, "ಸ್ವರ ಒಂಚೂರು ಕೆಳಗಿದೆ," ಎಂದು ಹೇಳಿ ಕೈ ತೊಳೆಯಲು ಹೋದ. ಅವನೇನೂ ಮುಟ್ಟಿರಲಿಲ್ಲ. ಉಳಿದವರು ಕುಣಿಯುವುದೊಂದು ಬಾಕಿ. ನನ್ನ ಗಂಡ ಮಾತ್ರ ಮಂಕಾದರು. ಅಲ್ಲಿಯವರೆಗೆ ಅವರ ಪಾಲಿಗೆ ಅದು ಕೈಕೆಲಸ. ಇನ್ನು ಅದು ಸೊಸೆಯನ್ನು ಕೂರಿಸಿಕೊಂಡು ಅಜಿಬಾತಾಕ್ಕೆ ಹೊರಡುವ ಗಾಡಿ.

ದಾರಿಯ ಕೊನೆಗೆ ಪೈನ್ ಮರಗಳ ನಡುವೆ ಸರೋವರದ ಕಡೆಗೆ ಇಳಿಯುವ ತಿರುವುಗಳಿವೆಯಲ್ಲ, ಮಂಗಗಳು ಸಾಲಾಗಿ ಕೂತು ತಮಾಷೆ ನೋಡುವ ಜಾಗ, ಮದುವೆಯಾದ ಹೊಸದರಲ್ಲಿ ಇವರು ನನ್ನನ್ನು ಮೋಟರ್‌ಸೈಕಲ್ಲಿಂದ ಅಲ್ಲೇ ಬೀಳಿಸಿದ್ದು. ನನ್ನ ಮಂಡಿಯ ಮೇಲೆ ಗುರುತು ಇನ್ನೂ ಇದೆ. ಅಂದಿನಿಂದ ಆ ದಾರಿಗೆ ಇವರು ಬಸ್ಸು ಬಿಟ್ಟು ಬೇರೆ ಹತ್ತಿಲ್ಲ. ಬಸ್ಸಿನಲ್ಲೂ ಡ್ರೈವರನ ಹಿಂದೆ ಕೂತು ಅವನಿಗೆ ಓಡಿಸುವುದು ಹೇಳಿಕೊಡುತ್ತಾರೆ.

"ಅವಳು ಬಸ್ಸಲ್ಲಿ ಬರ್ಲಿ ಅಂತ ಹೇಳು," ಅಂದರು ನನಗೆ.

"ಅಂಚೆ ಬಂದ್ ಆಗಿದೆ."

"ತೋಗಾರನಮ್ಮಾ, ತಮಾಷೆ ಅಲ್ಲ."

"ನಿಮ್ಮ ಗಾಡಿಗೇ ಹೇಳಿ."

ಹೇಳಿದರು. ಗಂಟಲು ಸರಿಮಾಡಿಕೊಂಡು, ಹಲ್ಲಿಯನ್ನು ನೋಡುತ್ತಾ. "ಗಾಡೀ, ನೀನು ಅಜಿಬಾತಾಕ್ಕೆ ಹೋಗಲ್ಲ."

ಲಾಮ್ರಿಯಾ ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಗಾಡೀ, ಆ ತಿರುವಲ್ಲಿ ನಮ್ಮಪ್ಪನ್ನ ಎಷ್ಟು ಸಲ ಇಳಿಸಿದೀಯ, ನೀನೇ ಹೇಳು. ಒಂದ್ಸಲನಾದ್ರೂ ಬೀಳಿಸಿದೀಯಾ?"

ಗಾಡಿ ಏನು ಹೇಳೀತು? ಬೇಡ ಎಂದು ಗದರಿಸಬೇಕಾದರೂ ಮುಖ ನೋಡಬೇಕಲ್ಲ. ಗಾಡಿಯನ್ನು ಎಷ್ಟು ಗದರಿಸಿದರೆ ಏನು ಬಂತು. ಬದಲಿಗೆ ಇವರು ಕೆಲಸ ಎಳೆಯತೊಡಗಿದರು. ಇವತ್ತು ಬ್ರೇಕು ಕಿರುಗುಟ್ಟುತ್ತದೆ, ನಾಳೆ ಚಕ್ರ ವಾಲುತ್ತದೆ. ಸರಿಯಾಗಿದ್ದುದನ್ನೇ ಬಿಚ್ಚಿ ಹರಡಿ ಮತ್ತೆ ಜೋಡಿಸುತ್ತಾರೆ. ಲಾಮ್ರಿಯಾ ಎಲ್ಲವನ್ನೂ ನೋಡುತ್ತಾ, "ಗಾಡೀ, ಮದುವೆ ನಿನ್ನನ್ನ ಕಾಯಲ್ಲ ಅಂತ ಅವರಿಗೆ ಹೇಳು," ಎಂದಷ್ಟೇ ಅನ್ನುತ್ತಿದ್ದಳು. ಅವಳ ಧ್ವನಿಯಲ್ಲಿ ಮೊದಲಿನ ಚೇಷ್ಟೆ ಇರಲಿಲ್ಲ.

ಮದುವೆಯ ಹಿಂದಿನ ದಿನ ನಾವು ಹೋಗಲೇಬೇಕಿತ್ತು. ಆ ಮನೆಯ ಹೆಣ್ಣು ತಂದವರು ನಾವು, ನಮ್ಮ ಪದ್ಧತಿಯಂತೆ ಅಲ್ಲಿ ಒಲೆ ಉರಿಸಿ ಬಡಿಸುವ ಪಾಳಿ ನಮ್ಮದು. ತೋಗಾರ್ ದೊಡ್ಡ ಪಾತ್ರೆಗಳ ಜೊತೆ ಮೊದಲೇ ಹೋಗಿದ್ದ. ಬೆಳಿಗ್ಗೆ ನಾನೂ ಸೊಸೆಯೂ ಬಸ್ಸಿಗೆ ಗಂಟು ಕಟ್ಟುತ್ತಿದ್ದೆವು, ಇವರು ಚಪ್ಪರದಲ್ಲಿ ಇನ್ನೂ ಹಿಂದಿನ ಬ್ರೇಕನ್ನೇ ಕೆದಕುತ್ತಿದ್ದರು. ಇವರು ಕಾಫಿಗೆ ಒಳಗೆ ಬಂದದ್ದೇ ತಡ, ಲಾಮ್ರಿಯಾ ಗಾಡಿಯನ್ನು ಅಂಗಳಕ್ಕೆ ತಳ್ಳಿದಳು. ಒಂದು ಒದೆ. ಎರಡು. ಮೂರನೆಯದಕ್ಕೆ ಅದು ಎದ್ದಿತು.

ಆ ಸದ್ದನ್ನು ಹೇಗೆ ಹೇಳಲಿ! ಹೊಟ್ಟೆ ತುಂಬಿದವನು ನಿಧಾನಕ್ಕೆ ನಕ್ಕ ಹಾಗೆ. ಬೆಳಿಗ್ಗೆ ಕಾಫಿಯನ್ನೂ ಕೊಡುವ ಹೆಂಡದಂಗಡಿಯಲ್ಲಿ ಕೂತಿದ್ದ ಹಳಬರೆಲ್ಲ ಎದ್ದು ಬೀದಿಗೆ ಬಂದರು. ಮಾರೊಲೊಪ್ ಟೋಪಿ ತೆಗೆದ. "ಅವನದೇ. ಅವನದೇ ಗಾಡಿ ಕಣ್ರೋ," ಅಂದ.

ಲಾಮ್ರಿಯಾ ಬೀದಿಗೆ ಇಳಿದಳು. ಇವರು ಕಾಫಿ ಲೋಟ ಹಿಡಿದು ಚಪ್ಪರಕ್ಕೆ ಓಡಿದರು. ಅಲ್ಲಿ ಹಲಗೆಯ ಮೇಲೆ, ಹಿಂದಿನ ಬ್ರೇಕಿನ ಸರಳನ್ನು ಹಿಡಿದಿಡುವ ಪುಟ್ಟ ತಂತಿಯ ಪಿನ್ನು ಹಾಗೇ ಬಿದ್ದಿತ್ತು. ಬಿಚ್ಚಿ ಬಿಚ್ಚಿ ಹಾಕುತ್ತಿದ್ದ ಕೈ ಅದೊಂದನ್ನು ಹಾಕುವುದನ್ನು ಮರೆತಿತ್ತು.

ಲೋಟ ಎಲ್ಲಿ ಬಿತ್ತೋ. ಲುಂಗಿ ಎತ್ತಿ ಹಿಡಿದು ಬೀದಿಯಲ್ಲಿ ಓಡಿದರು. "ಅಮ್ಮಾ! ಏ ಅಮ್ಮಾ, ನಿಲ್ಸಮ್ಮಾ!" ಆ ಸದ್ದಿನಲ್ಲಿ ಅವಳಿಗೆ ಏನು ಕೇಳೀತು? ಅವಳು ದೊಡ್ಡ ರಸ್ತೆಯ ಬಾಯಿಗೆ ಬಂದಿದ್ದಳು. ಆಗ ನನ್ನ ಗಂಡ ಹೊಟ್ಟೆಯ ಆಳದಿಂದ ಕೂಗಿದರು:

"ಲಾಮ್ರಿಯಾ!"

ಗಾಡಿ ನಿಂತಿತು. ಬೀದಿಯೂ ನಿಂತಿತು. ಮಾವ ಸೊಸೆಯ ಹೆಸರು ಹಿಡಿದು, ಅದೂ ಲುಂಗಿ ಎತ್ತಿಕೊಂಡು, ಹಳಬರೆಲ್ಲ ನೋಡುತ್ತಿರುವಾಗ! ಇವರ ಮುಖ ನಮ್ಮ ಟ್ಯಾಂಕಿನ ಕೆಂಪಿಗಿಂತ ಕೆಂಪಾಯಿತು. ಮಾರೊಲೊಪ್ ಬಾಯಿ ತೆರೆದದ್ದು ಕಂಡಿತು. ವರ್ಷಗಟ್ಟಲೆ ಆಡಿಕೊಳ್ಳಲು ಸಾಕಾಗುವಂಥದ್ದೇನೋ ಆ ಬಾಯಿಂದ ಹೊರಡುವುದರಲ್ಲಿತ್ತು.

ಲಾಮ್ರಿಯಾ ತಿರುಗಿ ನೋಡಲಿಲ್ಲ. ಬಗ್ಗಿ ಟ್ಯಾಂಕು ತಟ್ಟಿದಳು.

"ಗಾಡೀ, ನಿನ್ನನ್ನೇ ಕರೀತಿದಾರೆ ನೋಡು," ಎಂದಳು, ಬೀದಿಗೆಲ್ಲ ಕೇಳುವ ಹಾಗೆ. "ನಿನಗೆ ನನ್ನ ಹೆಸರೇ ಇಟ್ರಂತೆ. ನಂಗೊಂದು ಮಾತೂ ಹೇಳ್ಲಿಲ್ಲ."

ಮಾರೊಲೊಪ್ ಬಾಯಿ ಮುಚ್ಚಿದ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು, ಅವನೇ ಜಾಸ್ತಿ.

ನನ್ನ ಗಂಡ ಏದುಸಿರು ಬಿಡುತ್ತಾ ಹೋಗಿ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಪಿನ್ನು ತೂರಿಸಿದರು, ತುದಿಗಳನ್ನು ಬಾಗಿಸಿದರು, ಎಳೆದು ನೋಡಿದರು, ಇನ್ನೊಮ್ಮೆ ಎಳೆದರು. ಎದ್ದು ನಿಂತು ಹಲ್ಲಿಯನ್ನು ನೋಡಿದರು.

"ಲಾಮ್ರಿಯಾ," ಅಂದರು ಗಾಡಿಗೆ, ಮೆಲ್ಲಗೆ. "ತಿರುವಲ್ಲಿ ನಿಧಾನ. ಮಂಗಗಳ ಕಡೆ ನೋಡ್ಬೇಡ. ಈ ಮುದುಕೀನೂ ಕರ್ಕೊಂಡು ಹೋಗು, ಜೊತೆಗಿರ್ಲಿ."

ಮುದುಕಿ ಅಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ. ಉಲೊಸ್ ಶಾಲನ್ನು ಸೊಂಟಕ್ಕೆ ಬಿಗಿದು ಹಿಂದೆ ಹತ್ತಿದೆ.

ತಿರುವುಗಳಲ್ಲಿ ಅವಳು ಎಷ್ಟು ನಿಧಾನ ಇಳಿದಳೆಂದರೆ ಮಂಗಗಳೇ ಬೇಸತ್ತು ಎದ್ದುಹೋದವು. ಅಜಿಬಾತಾದ ಆ ಅಂಗಳಕ್ಕೆ ನಾವು ಹೊರಳಿದಾಗ ಬೀಗಿತ್ತಿ ನಮ್ಮ ಕಡೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದರು. ಸದ್ದು ಕೇಳಿದ್ದೇ, ತಿರುಗದೆ, ಕೈ ನಿಲ್ಲಿಸದೆ, ಒಳಗಿನವರಿಗೆ ಕೂಗಿ ಹೇಳಿದರು: "ಯಾರ್ರೇ ಅದು ಒಳಗೆ, ಬಿಸಿನೀರಿಡಿ, ಅವರು ಬಂದ್ರು."

ಆಮೇಲೆ ಕೈ ನಿಂತಿತು. ಲಾಮ್ರಿಯಾ ಎಂಜಿನ್ ಆರಿಸಲಿಲ್ಲ. ಬೀಗಿತ್ತಿ ಸೊಪ್ಪನ್ನು ಮಡಿಲಿನಿಂದ ಇಳಿಸಿ, ಎದ್ದು ಬಂದು, ಬಿಸಿ ಟ್ಯಾಂಕಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಮದುಮಗ ಹೊಸ್ತಿಲಲ್ಲೇ ಕೂತುಬಿಟ್ಟ. ಮಾತಾಡುವ ಕೆಲಸವನ್ನು ಗಾಡಿಯೇ ಮಾಡುತ್ತಿತ್ತು.

ನನ್ನ ಗಂಡ ಊಟ ಮುಗಿಯುವ ಹೊತ್ತಿಗೆ ಬಸ್ಸಿನಿಂದ ಇಳಿದರು. ಬೀಗಿತ್ತಿಗೆ ಕೈಮುಗಿದು ನೇರವಾಗಿ ಗಾಡಿಯ ಹತ್ತಿರ ಹೋದರು. ಸುತ್ತ ಒಂದು ಸುತ್ತು ಬಂದರು, ಪಿನ್ನು ಮುಟ್ಟಿ ನೋಡಿದರು.

"ಲಾಮ್ರಿಯಾ, ಊಟ ಆಯ್ತಾ?"

ಮೀನಿನ ತಟ್ಟೆ ಹೊತ್ತು ಆ ಕಡೆಯಿಂದ ಹಾದು ಹೋಗುತ್ತಿದ್ದ ಸೊಸೆ ನಿಲ್ಲದೆ ಹೇಳಿದಳು:

"ಆಯ್ತು ಅಂತ ಹೇಳು, ಗಾಡೀ. ಬಸ್ಸಲ್ಲಿ ಬಂದವರಿಗೆ ತಣ್ಣಗಿನದೇ ಗತಿ ಅಂತಲೂ ಹೇಳು."

ಆದರೆ ಬಿಸಿ ತಟ್ಟೆಯನ್ನು ಸೀಟಿನ ಮೇಲೆ ಇಟ್ಟು ಹೋದಳು.